ಮಕ್ಕಳಿಗೆ ಕಾಯಿಲೆ ಬೀಳಲು ಬರುವುದಿಲ್ಲ

ಆರೋಗ್ಯ ವಿಮಾ ಕಂಪನಿಗಳನ್ನು ಬೈಯುವುದು ಈಗ ಮದುವೆಮನೆಯ ಸಾಂಬಾರಿಗೆ ಉಪ್ಪು ಜಾಸ್ತಿ ಎಂದಷ್ಟೇ ಸಲೀಸಾಗಿದೆ. ಕ್ಲೇಮ್ ತಿರಸ್ಕಾರವಾದವನೂ ಬೈಯುತ್ತಾನೆ, ಪಾಲಿಸಿಯೇ ಇಲ್ಲದವನೂ ದನಿಗೂಡಿಸುತ್ತಾನೆ. ನಾನು ಆ ಗುಂಪಿನವನಲ್ಲ. ಪಾಲಿಸಿ ಪುಸ್ತಕವನ್ನು ಸಣ್ಣಕ್ಷರದ ಅಡಿಟಿಪ್ಪಣಿಯ ಸಮೇತ ಭಕ್ತಿಯಿಂದ ಪಾರಾಯಣ ಮಾಡಿದ ಕೆಲವೇ ಪುಣ್ಯವಂತರಲ್ಲಿ ನಾನೂ ಒಬ್ಬ. ಪಾರಾಯಣ ಮುಗಿದ ಮೇಲೆ ನನಗೆ ಮನದಟ್ಟಾದದ್ದು ಇಷ್ಟು: ಕಂಪನಿಗಳದ್ದು ಎಳ್ಳಷ್ಟೂ ತಪ್ಪಿಲ್ಲ. ತಪ್ಪೆಲ್ಲ ಮಕ್ಕಳದ್ದು. ಅವಕ್ಕೆ ಕಾಯಿಲೆ ಬೀಳಲು ಬರುವುದಿಲ್ಲ.

ಕಾಯಿಲೆ ಬೀಳುವುದಕ್ಕೂ ಒಂದು ಶಿಸ್ತು ಬೇಕು. ದೊಡ್ಡವರನ್ನು ನೋಡಿ ಕಲಿಯಬೇಕು. ಐವತ್ತು ದಾಟಿದ ಗೃಹಸ್ಥ ಎದೆ ಹಿಡಿದುಕೊಂಡು ಆಂಬುಲೆನ್ಸ್ ಹತ್ತುತ್ತಾನೆ, ಎರಡು ಸ್ಟೆಂಟ್ ಹಾಕಿಸಿಕೊಳ್ಳುತ್ತಾನೆ, ನಾಲ್ಕು ದಿನ ಅಲ್ಲಾಡದೆ ಮಲಗುತ್ತಾನೆ, ಐದನೇ ದಿನ ಫೈಲ್ ಹಿಡಿದು ಮನೆಗೆ ಬರುತ್ತಾನೆ. ಪಾಲಿಸಿ ಬರೆದವರ ಕಣ್ಣೆದುರು ಇದ್ದದ್ದು ಇಂಥ ಸಭ್ಯ ರೋಗಿ. ಮಕ್ಕಳೋ, ಸಂಜೆ ಚೆನ್ನಾಗಿ ಆಡಿಕೊಂಡಿದ್ದು ರಾತ್ರಿ ಎರಡಕ್ಕೆ ಕೆಂಡದಂಥ ಜ್ವರ ಬರಿಸಿಕೊಳ್ಳುತ್ತವೆ. ಬೆಳಿಗ್ಗೆ ಹತ್ತಕ್ಕೆ ಡಾಕ್ಟರ ಸ್ಟೆತಸ್ಕೋಪ್ ಎಳೆದು ನಗುತ್ತವೆ. ಇಂಥ ಬೇಜವಾಬ್ದಾರಿ ನಡವಳಿಕೆಗೆ ಹಣ ಕೊಡಿ ಎಂದರೆ ಯಾವ ಕಂಪನಿ ಕೊಟ್ಟೀತು?

ಮಕ್ಕಳ ಮೊದಲ ಅಪರಾಧ, ಅವು ಹೇಳದೆ ಕೇಳದೆ ಹುಟ್ಟುವುದು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದವರನ್ನು ನೋಡಿ ನಮ್ಮ ಹಿರಿಯರು ನಗುತ್ತಿದ್ದರು. ವಿಮಾ ಕಂಪನಿಯವರು ನಗುವುದು ಹೊಲಿಸದೆ ಇದ್ದವರನ್ನು ನೋಡಿ. ಹೆರಿಗೆ ಖರ್ಚು ಕೊಡುವ ಪಾಲಿಸಿ ಮಾಡಿಸಿದರೂ ಎಷ್ಟೋ ಕಡೆ ಎರಡರಿಂದ ನಾಲ್ಕು ವರ್ಷ ಕಾಯಬೇಕು. ಅಂದರೆ ನಿಶ್ಚಿತಾರ್ಥದ ದಿನವೇ ಪ್ರೀಮಿಯಂ ಕಟ್ಟಿ, ಮದುವೆಯಾಗಿ, ಕ್ಯಾಲೆಂಡರ್ ನೋಡಿಕೊಂಡು ಸಂಸಾರ ಮಾಡಬೇಕು. ಹೆರಿಗೆಯ ಸೌಲಭ್ಯವಿಲ್ಲದ, ಇಡೀ ಮನೆಗೆ ಒಂದೇ ಪಾಲಿಸಿಯಾದ ಮಾಮೂಲಿ ಫ್ಯಾಮಿಲಿ ಫ್ಲೋಟರ್‌ಗಳಲ್ಲಿ ಬಹುಪಾಲು, ಮಗುವನ್ನು ಸೇರಿಸಿಕೊಳ್ಳುವುದು ಹುಟ್ಟಿದ 91ನೇ ದಿನದಿಂದ. ಮೊದಲ ತೊಂಬತ್ತು ದಿನ ಅದು ಯಾರ ಮಗುವೋ ದೇವರಿಗೇ ಗೊತ್ತು, ಕಂಪನಿಗಂತೂ ಗೊತ್ತಿಲ್ಲ.

ಮಗುವಿಗೆ ಸ್ವಲ್ಪ ವಿವೇಕ ಇದ್ದಿದ್ದರೆ ಆ ತೊಂಬತ್ತು ದಿನ ಉಸಿರು ಬಿಗಿಹಿಡಿದು ಆರೋಗ್ಯವಾಗಿರುತ್ತಿತ್ತು. ಆದರೆ ಈ ದೇಶದ ಕೂಸುಗಳು ಸರಿಯಾಗಿ ತದ್ವಿರುದ್ಧ ಮಾಡುತ್ತವೆ. ಜನನ ಮರಣಗಳ ಅಂದಾಜು ಕೊಡುವ 2020ರ ಎಸ್‌ಆರ್‌ಎಸ್ ವರದಿಯ ಪ್ರಕಾರ ಭಾರತದಲ್ಲಿ ಹುಟ್ಟುವ ಪ್ರತಿ ಸಾವಿರ ಮಕ್ಕಳಲ್ಲಿ 32 ಮಕ್ಕಳು ಐದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಅವುಗಳಲ್ಲಿ 20 ಮಕ್ಕಳು ಹೋಗುತ್ತಿದ್ದದ್ದು ಮೊದಲ 28 ದಿನಗಳಲ್ಲೇ. ಎಳೆ ಜೀವಕ್ಕೆ ಅಪಾಯ ಹೆಚ್ಚಿರುವ ದಿನಗಳು ಯಾವುವೋ ಅವೇ ಪಾಲಿಸಿಯ ರಜಾ ದಿನಗಳು. ಏಳನೇ ತಿಂಗಳಿಗೆ ಅವಸರಪಟ್ಟು ಬಂದು, ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುನ ಗಾಜಿನ ಪೆಟ್ಟಿಗೆಯಲ್ಲಿ ಮೂರು ವಾರ ಮಲಗುವ ಒಂದೂಕಾಲು ಕೆಜಿಯ ಕೂಸಿನಿಂದ ಅಪ್ಪನ ಪಿಎಫ್, ಅಮ್ಮನ ಬಳೆ, ಅಜ್ಜನ ಊರಿನ ಸೈಟು ಎಲ್ಲ ಕರಗುತ್ತವೆ. ಕೂಸಿನ ತೂಕ ಮಾತ್ರ ದಿನಕ್ಕೆ ಇಪ್ಪತ್ತು ಗ್ರಾಂ ಏರುತ್ತದೆ. ಇದನ್ನು ಕಂಪನಿಗೆ ಅಪಾಯದ ಲೆಕ್ಕ ಹಾಕಿಕೊಡುವ ಯಾವ ಆಕ್ಚುವರಿ ತಾನೇ ಸಹಿಸಿಯಾನು?

ಎರಡನೆಯ ಅಪರಾಧ, ಹುಟ್ಟುವಾಗಲೇ ತೊಂದರೆ ಹೊತ್ತು ತರುವುದು. ಪಾಲಿಸಿಯ ವ್ಯಾಖ್ಯಾನಗಳ ಪುಟದಲ್ಲಿ ಹುಟ್ಟಿನಿಂದ ಬಂದ ದೋಷಗಳನ್ನು ಎರಡು ಪಂಗಡ ಮಾಡಿದ್ದಾರೆ. ಕಣ್ಣಿಗೆ ಕಾಣುವಲ್ಲಿದ್ದರೆ ಎಕ್ಸ್‌ಟರ್ನಲ್, ಕಾಣದಿದ್ದರೆ ಇಂಟರ್ನಲ್. ಹೃದಯದಲ್ಲಿ ತೂತಿದ್ದರೆ ಒಳಗಿನದು, ಮಾತಾಡಿ ನೋಡೋಣ. ತುಟಿ ಸೀಳಿದ್ದರೆ ಹೊರಗಿನದು, ಬಹಳಷ್ಟು ಪಾಲಿಸಿಗಳಲ್ಲಿ ಮಾತೇ ಇಲ್ಲ. ತುಟಿಯ ಜೊತೆ ಅಂಗುಳೂ ಸೀಳಿದ್ದರೆ ಕೂಸಿಗೆ ಹಾಲು ಹೀರಲು ಆಗುವುದಿಲ್ಲ, ಮೂಗಿನಿಂದ ಹಾಲು ವಾಪಸ್ ಬರುತ್ತದೆ, ತೂಕ ಏರುವುದಿಲ್ಲ. ಅದು ನಿಜ. ಆದರೆ ನಿಯಮ ನಿಯಮವೇ. ತೊಂದರೆಯನ್ನು ಒಳಗೆ ಅಡಗಿಸಿಕೊಂಡು ಬಾ ಎಂದು ಗರ್ಭದಲ್ಲೇ ಹೇಳಿಕೊಡದ ತಾಯಂದಿರು ಈಗ ಅತ್ತು ಪ್ರಯೋಜನವೇನು?

ಹಿಂದೆ ವಂಶವಾಹಿಯಿಂದ ಬಂದ ಕಾಯಿಲೆಗಳನ್ನೂ ಸಾರಾಸಗಟಾಗಿ ಹೊರಗಿಡುತ್ತಿದ್ದರು. 2018ರ ಫೆಬ್ರವರಿಯಲ್ಲಿ ದೆಹಲಿ ಹೈಕೋರ್ಟ್ ಇದು ತಾರತಮ್ಯ ಎಂದಿತು. ಅದಾದ ಮೇಲೆ ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ಹಾಗೆ ಹೊರಗಿಡಬೇಡಿ ಎಂದು ಕಂಪನಿಗಳಿಗೆ ತಾಕೀತು ಮಾಡಿತು. ತಾತನ ರಕ್ತ ಮೊಮ್ಮಗನಲ್ಲಿ ಹರಿಯುವುದು ಗ್ರಾಹಕನ ವಂಚನೆಯಲ್ಲ ಎಂದು ತಿಳಿಸಲು ಒಂದು ಹೈಕೋರ್ಟ್ ಬೇಕಾಯಿತು.

ಮೂರನೆಯದು ಮಕ್ಕಳ ಜ್ವರ. ಬೆಂಗಳೂರಿನ ಯಾವುದಾದರೂ ದೊಡ್ಡ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್ ಮುಂದೆ ಅರ್ಧ ಗಂಟೆ ನಿಂತರೆ ಈ ಸಂಭಾಷಣೆ ಉಚಿತವಾಗಿ ಕೇಳಲು ಸಿಗುತ್ತದೆ.

"ಮೇಡಂ, ಪಾಪೂಗೆ ನೂರಾ ಮೂರು ಜ್ವರ ಇತ್ತು. ವಾಂತಿ ಬೇರೆ. ಡಾಕ್ಟ್ರೇ ಅಡ್ಮಿಟ್ ಮಾಡಿ ಅಂದ್ರು."

"ಗೊತ್ತು ಸಾರ್. ಆದ್ರೆ ಕಂಪನಿಯಿಂದ ಕ್ವೆರಿ ಬಂದಿದೆ. ಇದನ್ನ ಒಪಿಡಿಯಲ್ಲೇ ನೋಡಬಹುದಿತ್ತು, ಅಡ್ಮಿಷನ್ ಯಾಕೆ ಬೇಕಿತ್ತು ಅಂತ ಕೇಳಿದಾರೆ."

"ಹೋದ ವಾರ ಒಪಿಡಿಯಲ್ಲೇ ತೋರಿಸಿದ್ನಲ್ಲ? ಎರಡು ಸಲ ತೋರಿಸಿ ಕಮ್ಮಿ ಆಗ್ಲಿಲ್ಲ ಅಂತಾನೇ ಅಡ್ಮಿಟ್ ಮಾಡಿದ್ದು. ಹಂಗಾದ್ರೆ ಆ ಬಿಲ್ ಆದ್ರೂ ಕೊಡ್ತಾರಾ?"

"ಒಪಿಡಿ ಕವರ್ ಆಗಲ್ಲ ಸಾರ್."

ಆಕೆಯನ್ನು ಬೈಯಬೇಡಿ. ಪರದೆಯ ಮೇಲೆ ಬಂದದ್ದನ್ನು ಓದಿ ಹೇಳುವುದಷ್ಟೇ ಆಕೆಯ ಕೆಲಸ. ದಿನಕ್ಕೆ ಎಷ್ಟೋ ಅಪ್ಪಂದಿರ ಮುಖ ನೋಡಿ ನೋಡಿ ಆಕೆಗೂ ಸಾಕಾಗಿರುತ್ತದೆ. ನಿಯಮದ ಸೊಗಸನ್ನು ಮಾತ್ರ ಸವಿಯಿರಿ. ಆಸ್ಪತ್ರೆಯಲ್ಲಿ ಮಲಗಿಸಿದರೆ ಮಲಗಿಸಿದ್ದೇಕೆ, ಮಲಗಿಸದಿದ್ದರೆ ದುಡ್ಡೇಕೆ. ಅಪ್ಪ ಅಡಕತ್ತರಿಯಲ್ಲಿ, ಮಗು ಡ್ರಿಪ್ಪಿನಲ್ಲಿ. ಡೇ ಕೇರ್ ಪಟ್ಟಿಯಲ್ಲಿರುವ ಚಿಕಿತ್ಸೆ ಅಲ್ಲದಿದ್ದರೆ ಕನಿಷ್ಠ 24 ಗಂಟೆ ಆಸ್ಪತ್ರೆಯಲ್ಲಿ ಮಲಗಿರಬೇಕು ಎನ್ನುವುದು ಮೂಲಮಂತ್ರ. ವೀಸಿಂಗ್ ಬಂದ ಮಗು ರಾತ್ರಿ ಎಮರ್ಜೆನ್ಸಿಗೆ ಹೋಗಿ, ಮೂರು ಸಲ ನೆಬುಲೈಸ್ ಮಾಡಿಸಿಕೊಂಡು, ಬೆಳಗಿನ ಜಾವಕ್ಕೆ ಸಲೀಸಾಗಿ ಉಸಿರಾಡುತ್ತ ಮನೆಗೆ ಬಂದರೆ ಅದು ವೈದ್ಯರ ದೃಷ್ಟಿಯಲ್ಲಿ ಯಶಸ್ಸು. ಪಾಲಿಸಿಯ ದೃಷ್ಟಿಯಲ್ಲಿ ಹಾಜರಿ ಕೊರತೆ.

ಮಕ್ಕಳ ಆರೈಕೆ ಎಂದರೆ ನೂರಕ್ಕೆ ತೊಂಬತ್ತು ಪಾಲು ಇದೇ ತಾನೇ? ಜ್ವರ, ಕೆಮ್ಮು, ಭೇದಿ, ಕಿವಿನೋವು, ತೂಕ ನೋಡಿಸುವುದು, ಲಸಿಕೆ ಹಾಕಿಸುವುದು, ಮಾತು ತಡವಾದರೆ ಸ್ಪೀಚ್ ಥೆರಪಿ. ಇವುಗಳಲ್ಲಿ ಯಾವುದಕ್ಕೂ ಮಂಚ ಬೇಡ. ಟೈಪ್ ಒನ್ ಡಯಾಬಿಟಿಸ್ ಇರುವ ಎಂಟು ವರ್ಷದ ಹುಡುಗಿಗೆ ಇನ್ಸುಲಿನ್ ದಿನಾ ಬೇಕು, ಶುಗರ್ ನೋಡುವ ಸ್ಟ್ರಿಪ್ ದಿನಕ್ಕೆ ನಾಲ್ಕೈದು ಬೇಕು, ಜೀವನವಿಡೀ ಬೇಕು. ಅವಳು ಇವನ್ನೆಲ್ಲ ಶಿಸ್ತಾಗಿ ಮಾಡಿಕೊಂಡು ಶಾಲೆಗೆ ಹೋಗುತ್ತಿದ್ದರೆ ಮಾಮೂಲಿ ಪಾಲಿಸಿಯಿಂದ ನಯಾಪೈಸೆ ಹುಟ್ಟುವುದಿಲ್ಲ. ಸ್ಟ್ರಿಪ್‌ಗೆ ದುಡ್ಡಿಲ್ಲದೆ ಶುಗರ್ ತಪ್ಪಿ ಪ್ರಜ್ಞೆ ಹೋಗಿ ಐಸಿಯು ಸೇರಿದರೆ, ಆಗ ಕಂಪನಿ ಕಣ್ಣು ತೆರೆಯುತ್ತದೆ.

ಇನ್ನು ನಾನು ಅತ್ಯಂತ ಪ್ರೀತಿಯಿಂದ ಓದಿದ ಅಧ್ಯಾಯಕ್ಕೆ ಬರೋಣ. ಪಾಲಿಸಿ ಪುಸ್ತಕದ ಹಿಂಭಾಗದಲ್ಲಿ, ಯಾರೂ ತಲುಪದ ಪುಟಗಳಲ್ಲಿ, ಹಣ ಕೊಡದ ಸಾಮಾನುಗಳ ಪಟ್ಟಿಯೊಂದಿದೆ. ಪ್ರಾಧಿಕಾರವೇ ಸಿದ್ಧಪಡಿಸಿಕೊಟ್ಟದ್ದು, ಒಟ್ಟು 68 ಬಾಬ್ತು. ಇಂಗ್ಲಿಷ್ ಅಕ್ಷರಮಾಲೆ ಮಕ್ಕಳ ವಿರುದ್ಧ ಸಂಚು ಹೂಡಿದಂತೆ ಪಟ್ಟಿಯ ಮೊದಲನೇ ಬಾಬ್ತೇ ಬೇಬಿ ಫುಡ್. ಎರಡನೆಯದು ಬೇಬಿ ಯುಟಿಲಿಟೀಸ್. ಮೂರನೆಯದು ಬ್ಯೂಟಿ ಸರ್ವೀಸಸ್. ಕಾಯಿಲೆಯ ಕೂಸಿನ ಗಂಜಿಯೂ ಫೇಶಿಯಲ್ಲೂ ಒಂದೇ ಪಂಕ್ತಿಯಲ್ಲಿ ಕೂತಿವೆ. ಮುಂದೆ ಹೋದಂತೆ ಡೈಪರ್ ಇದೆ. ಅದರ ಪಕ್ಕದಲ್ಲಿ ಯಾವುದೇ ಬಗೆಯದು ಎಂದು ಸ್ಪಷ್ಟಪಡಿಸಿದ್ದಾರೆ, ಹೊಸ ಬಗೆಯ ಡೈಪರ್ ಕಂಡುಹಿಡಿದು ಯಾವ ಶಿಶುವೂ ನುಣುಚಿಕೊಳ್ಳದಿರಲಿ ಎಂದು. ನೆಬುಲೈಸರ್ ಕಿಟ್ ಇದೆ, ಇನ್‌ಹೇಲರ್‌ಗೆ ಹಾಕುವ ಸ್ಪೇಸರ್ ಇದೆ, ಥರ್ಮಾಮೀಟರ್ ಇದೆ. ಉಬ್ಬಸದ ಮಗುವಿನ ತಾಯಿ ಬ್ಯಾಗಿನಲ್ಲಿ ಇಟ್ಟುಕೊಂಡು ತಿರುಗುವ ಸಾಮಾನೆಲ್ಲ ಆ ಪಟ್ಟಿಯಲ್ಲಿ ಸಿಗುತ್ತದೆ. ರೂಮಿನ ಬಾಡಿಗೆಯಲ್ಲೇ ಸೇರಿದೆ ಎಂದುಕೊಳ್ಳಬೇಕಾದ ಬಾಬ್ತುಗಳದ್ದು ಇನ್ನೊಂದು ಪಟ್ಟಿ. ಅದರಲ್ಲಿ ಬೇಬಿ ಚಾರ್ಜಸ್ ಇದೆ, ತೊಟ್ಟಿಲ ಖರ್ಚೂ ಇದೆ.

ಮೊದಲಿನ ಪಟ್ಟಿಯಲ್ಲಿ ಅಟೆಂಡೆಂಟ್ ಖರ್ಚು ಎಂಬುದೂ ಒಂದು. ಎರಡು ವರ್ಷದ ಮಗು ಅಡ್ಮಿಟ್ ಆದರೆ ಪಕ್ಕದಲ್ಲಿ ಮಲಗುವ ತಾಯಿ, ಕಂಪನಿಯ ಕಾಗದದಲ್ಲಿ ಅಟೆಂಡೆಂಟ್. ಆಸ್ಪತ್ರೆಯವರು ರೋಗಿಗೆ ಕೊಡುವ ಪಥ್ಯದ ಊಟಕ್ಕಷ್ಟೇ ಹಣ, ಬೇರೆಯವರ ಊಟಕ್ಕಿಲ್ಲ. ಆರು ತಿಂಗಳ ಕೂಸು ರೋಗಿಯಾದರೆ ಅದರ ಪಥ್ಯವೇ ತಾಯಿಯ ಹಾಲು. ತಾಯಿ ಉಂಡರೆ ಅದು ಅಟೆಂಡೆಂಟಿನ ಊಟ, ಕೊಡುವುದಿಲ್ಲ. ತಾಯಿ ಉಣ್ಣದೆ ಹಾಲು ಬತ್ತಿ ಡಬ್ಬದ ಪುಡಿ ತರಿಸಿದರೆ ಅದು ಬೇಬಿ ಫುಡ್, ಒಂದನೇ ಬಾಬ್ತು, ಕೊಡುವುದಿಲ್ಲ. ತರ್ಕಶಾಸ್ತ್ರದ ಮೇಷ್ಟ್ರುಗಳೂ ಇಷ್ಟು ಬಿಗಿಯಾದ ಗಂಟು ಹಾಕಿರಲಾರರು. ಹಾಗಂತ ಕಂಪನಿಗಳಿಗೆ ಕರುಣೆಯೇ ಇಲ್ಲವೆಂದಲ್ಲ. ಇವಕ್ಕೂ ಹಣ ಬೇಕಿದ್ದರೆ ಪ್ರೀಮಿಯಂ ಮೇಲೆ ಇನ್ನಷ್ಟು ಕಟ್ಟಿ ಕನ್ಸ್ಯೂಮಬಲ್ಸ್ ರೈಡರ್ ಕೊಳ್ಳಬಹುದು. ವಿಮೆ ಕೊಡದ್ದಕ್ಕೂ ವಿಮೆ ಉಂಟು.

ರೂಮಿನ ವಿಷಯಕ್ಕೆ ಬಂದರೆ ಗಣಿತ ಚೆನ್ನಾಗಿ ಬರಬೇಕು. ಮೂರು ಲಕ್ಷದ ಹಳೆಯ ಪಾಲಿಸಿ, ರೂಮಿಗೆ ದಿನಕ್ಕೆ ಶೇಕಡಾ ಒಂದರ ಮಿತಿ ಎಂದುಕೊಳ್ಳಿ. ಅಂದರೆ 3,000 ರೂಪಾಯಿ. ಹಾಲೂಡುವ ತಾಯಿ ನಾಲ್ಕಾರು ಜನರ ನಡುವೆ ಕೂರಲಾರಳು ಎಂದು ಅಪ್ಪ 6,000ದ ಸಿಂಗಲ್ ರೂಮ್ ತೆಗೆದುಕೊಂಡ. ಹೆಚ್ಚಿನ ಮೂರು ಸಾವಿರ ತಾನೇ, ಕಟ್ಟಿಬಿಡೋಣ ಎಂದುಕೊಂಡ. ಇಲ್ಲೇ ಅವನು ಎಡವಿದ್ದು. ರೂಮ್ ದುಪ್ಪಟ್ಟಾದರೆ ಡಾಕ್ಟರ ವಿಸಿಟ್, ನರ್ಸಿಂಗ್, ಆಪರೇಷನ್ ಥಿಯೇಟರಿನ ಶುಲ್ಕಕ್ಕೂ ಅರ್ಧವಷ್ಟೇ ಸಿಗುತ್ತದೆ. ಇದಕ್ಕೆ ಪ್ರಪೋರ್ಷನೇಟ್ ಡಿಡಕ್ಷನ್ ಎಂದು ಹೆಸರು. ಮಗುವಿನ ಆಪರೇಷನ್ ಒಂದೇ, ಸರ್ಜನ್ ಒಬ್ಬನೇ, ಹಾಕಿದ ಹೊಲಿಗೆಯೂ ಅಷ್ಟೇ. ಆದರೂ ಆರು ಸಾವಿರದ ರೂಮಿನಲ್ಲಿ ಹಾಕಿದ ಹೊಲಿಗೆಗೆ ಅರ್ಧ ಬೆಲೆ.

ಕೊನೆಗೂ ಮಗುವಿಗೆ ವಾಸಿಯಾಯಿತು. ಬೆಳಿಗ್ಗೆ ಒಂಬತ್ತಕ್ಕೆ ಡಾಕ್ಟರ್ ಬಂದು ಕೆನ್ನೆ ಚಿವುಟಿ "ಮನೆಗೆ ಹೋಗಬಹುದು ಪುಟ್ಟಾ" ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. 2024ರ ಮೇ ತಿಂಗಳಲ್ಲಿ ಪ್ರಾಧಿಕಾರ ಒಂದು ಒಳ್ಳೆಯ ಸುತ್ತೋಲೆ ಹೊರಡಿಸಿತು. ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ ಉತ್ತರ, ಡಿಸ್ಚಾರ್ಜ್ ಕೋರಿಕೆ ಬಂದ ಮೂರು ಗಂಟೆಯೊಳಗೆ ಅಂತಿಮ ಒಪ್ಪಿಗೆ. ತಡವಾಗಿ ಆಸ್ಪತ್ರೆ ಹೆಚ್ಚುವರಿ ಬಿಲ್ ಹಾಕಿದರೆ ಅದನ್ನು ಕಂಪನಿಯೇ ಭರಿಸಬೇಕು. ನಿಯಮ ಸರಿಯಾಗಿಯೇ ಇದೆ. ಆದರೆ ಆ ಮೂರು ಗಂಟೆ ಶುರುವಾಗುವುದು ಆಸ್ಪತ್ರೆ ಫೈಲ್ ಕಳಿಸಿದ ಮೇಲೆ. ಫಾರ್ಮಸಿಯಿಂದ ಕ್ಲಿಯರೆನ್ಸ್ ಬರಬೇಕು, ಡಿಸ್ಚಾರ್ಜ್ ಸಮ್ಮರಿ ಟೈಪ್ ಆಗಬೇಕು, ಅದಕ್ಕೆ ಸಹಿ ಹಾಕುವ ಡಾಕ್ಟರ್ ಊಟಕ್ಕೆ ಹೋಗಿದ್ದಾರೆ, ಬಿಲ್ಲಿಂಗ್‌ನಲ್ಲಿ ಶಿಫ್ಟ್ ಬದಲಾಗಿದೆ. ಮಗು ಹೊರಡುವ ಅಂಗಿ ಹಾಕಿಕೊಂಡು, ಕೈಯಲ್ಲಿ ಇನ್ನೂ ಕ್ಯಾನುಲಾದ ಪ್ಲಾಸ್ಟರ್ ಅಂಟಿಸಿಕೊಂಡು, ಕಾರಿಡಾರಿನಲ್ಲಿ ಕಾರಿನ ಬೊಂಬೆ ಓಡಿಸುತ್ತಿರುತ್ತದೆ. ಸಂಜೆ ಆರಕ್ಕೆ ಒಪ್ಪಿಗೆ ಬರುತ್ತದೆ. ಅಷ್ಟು ಹೊತ್ತಿಗೆ ಪಕ್ಕದ ವಾರ್ಡಿನಿಂದ ಹೊಸ ಕೆಮ್ಮು ಅಂಟಿಸಿಕೊಂಡಿರದಿದ್ದರೆ ಅದು ಮಗುವಿನ ಪುಣ್ಯ.

ಪ್ರೀಮಿಯಂ ಕಟ್ಟುವವರ ಕಡೆಗೂ ನೋಡಬೇಕಲ್ಲ. ಫ್ಯಾಮಿಲಿ ಫ್ಲೋಟರ್‌ನಲ್ಲಿ ದರ ನಿಗದಿಯಾಗುವುದು ಸಾಮಾನ್ಯವಾಗಿ ಮನೆಯ ಹಿರಿಯ ಸದಸ್ಯನ ವಯಸ್ಸಿನ ಮೇಲೆ. ಮಗುವಿಗೆ ಎರಡು ವರ್ಷ, ಪಾಲಿಸಿಯ ಕಣ್ಣಿಗೆ ಆ ಸಂಸಾರಕ್ಕೆ ನಲವತ್ತಾರು. 2025ರ ಸೆಪ್ಟೆಂಬರ್ 22ರಿಂದ ಸ್ವಂತವಾಗಿ ಕೊಳ್ಳುವ ಆರೋಗ್ಯ ವಿಮೆಯ ಮೇಲಿನ ಶೇಕಡಾ 18ರ ಜಿಎಸ್‌ಟಿ ರದ್ದಾಯಿತು. ಎಂಟು ವರ್ಷ ಕಾಯಿಲೆಯ ಭಯಕ್ಕೂ ಸುಂಕ ವಸೂಲು ಮಾಡಿ, ಆಮೇಲೆ ಮನ್ನಾ ಮಾಡಿದ್ದಕ್ಕೆ ಚಪ್ಪಾಳೆಯನ್ನೂ ವಸೂಲು ಮಾಡಿದರು. ಅದೇ ದಿನ ಮಕ್ಕಳ ಡೈಪರಿನ ತೆರಿಗೆಯೂ 12ರಿಂದ 5ಕ್ಕೆ ಇಳಿಯಿತು. ಒಂದು ಇಲಾಖೆ ಡೈಪರನ್ನು ಅಗತ್ಯ ವಸ್ತುವೆಂದು ಗುರುತಿಸಿದ್ದು ಇನ್ನೊಂದರ ಪಟ್ಟಿಗೆ ಇನ್ನೂ ತಲುಪಬೇಕಿದೆ. ಅರವತ್ತು ದಾಟಿದವರ ಪ್ರೀಮಿಯಂ ವರ್ಷಕ್ಕೆ ಶೇಕಡಾ ಹತ್ತಕ್ಕಿಂತ ಹೆಚ್ಚು ಏರಿಸಬೇಕಾದರೆ ಮೊದಲು ತನ್ನನ್ನು ಕೇಳಬೇಕೆಂದು ಪ್ರಾಧಿಕಾರ 2025ರ ಜನವರಿಯಲ್ಲಿ ಹೇಳಿತು. ಅಜ್ಜ ಅಜ್ಜಿಯರಿಗೆ ಅಷ್ಟಾದರೂ ಕಾವಲುಂಟು. ಎಳೆ ಮಕ್ಕಳ ಅಪ್ಪ ಅಮ್ಮನಿಗೆ ಅಂಥ ಗೆರೆಯನ್ನು ಯಾರೂ ಎಳೆದಿಲ್ಲ.

ರಿನ್ಯೂವಲ್ ಮೆಸೇಜ್ ಜೂನ್ ತಿಂಗಳಲ್ಲಿ ಬಂತೆಂದರೆ ಆ ಮನೆಯ ಕತೆ ಮುಗಿಯಿತು. ಸ್ಕೂಲ್ ಫೀಸು, ಯೂನಿಫಾರ್ಮು, ವ್ಯಾನಿನ ಅಡ್ವಾನ್ಸು ಎಲ್ಲ ಅದೇ ತಿಂಗಳು. ಪಾಲಿಸಿ ಬಿಟ್ಟರೆ ಕಾದಿದ್ದ ಅವಧಿಯೆಲ್ಲ ನೀರುಪಾಲು, ಮತ್ತೆ ಮೊದಲಿನಿಂದ ಕಾಯಬೇಕು. ಆದ್ದರಿಂದ ಪ್ರೀಮಿಯಂ ಕಟ್ಟುತ್ತಾರೆ. ಉಳಿತಾಯ ಎಲ್ಲಿ ಮಾಡುತ್ತಾರೆ? ಮಗುವಿನಲ್ಲೇ. ಪೀಡಿಯಾಟ್ರಿಷಿಯನ್ ಫೀಸು ಏಳುನೂರು, ಎರಡು ದಿನ ನೋಡೋಣ ಎನ್ನುತ್ತಾರೆ. ಹೋದ ಸಲ ಬರೆದುಕೊಟ್ಟ ಸಿರಪ್ ಫ್ರಿಜ್ಜಿನಲ್ಲಿ ಅರ್ಧ ಉಳಿದಿದೆ, ಅದನ್ನೇ ಹಾಕುತ್ತಾರೆ. ಕನ್ನಡಕದ ನಂಬರು ಮುಂದಿನ ವರ್ಷ ನೋಡಿಸಿದರಾಯಿತು. ಥೆರಪಿ ವಾರಕ್ಕೆ ಮೂರರ ಬದಲು ಒಂದು ಸಾಕು. ಮಗುವಿನ ಆರೋಗ್ಯಕ್ಕೆಂದು ತೆಗೆದುಕೊಂಡ ಪಾಲಿಸಿಯ ಕಂತು ಕಟ್ಟಲು ಮಗುವಿನ ಆರೋಗ್ಯವನ್ನೇ ಮುಂದೂಡುವ ಈ ಮನೆವಾರ್ತೆಯ ಬಗ್ಗೆ ಯಾವ ಬಜೆಟ್ ಪಂಡಿತರೂ ಲೇಖನ ಬರೆದಂತಿಲ್ಲ.

ಕೆಲಸಕ್ಕೆ ಸೇರಿದರೆ ಕಂಪನಿಯೇ ವಿಮೆ ಕೊಡುತ್ತದೆ, ಹುಟ್ಟಿದ ದಿನದಿಂದಲೇ ಮಗುವಿಗೂ ಸಿಗುತ್ತದೆ ಎಂದು ಐಟಿಯವರು ಬೀಗುತ್ತಾರೆ. ಬೀಗಲಿ, ಲೇಆಫ್ ಮೇಲ್ ಬರುವವರೆಗೆ. ಅಪ್ಪನ ಲ್ಯಾಪ್‌ಟಾಪ್ ವಾಪಸ್ ಹೋದ ದಿನವೇ ಮಗಳ ಹೃದಯದ ಫಾಲೋಅಪ್ ಕೂಡ ವಾಪಸ್. ಪೀಣ್ಯದ ಕಾರ್ಮಿಕನದ್ದು ಇನ್ನೊಂದು ಬಗೆ. ಇಎಸ್‌ಐ ಎಂಬುದು ಹೊರರೋಗಿ ಚಿಕಿತ್ಸೆಯನ್ನೂ ಔಷಧಿಯನ್ನೂ ಕೊಡುವ ಅಪರೂಪದ ವಿಮೆ. ಸಂಬಳ 21,000 ಇದ್ದವನು ತಿಂಗಳಿಗೆ ಕಟ್ಟಬೇಕಾದ್ದು ಶೇಕಡಾ 0.75, ಅಂದರೆ 157 ರೂಪಾಯಿ 50 ಪೈಸೆ. ಆ 21,000ದ ಮಿತಿ ಹಾಕಿದ್ದು 2017ರ ಜನವರಿಯಲ್ಲಿ. ಮಾಲೀಕ ಐನೂರು ರೂಪಾಯಿ ಏರಿಸಿದರೆ ಆ ಕಂತಿನ ಅವಧಿ ಮುಗಿದ ಮೇಲೆ ಹೆಂಡತಿ ಮಕ್ಕಳ ಸಮೇತ ಇಎಸ್‌ಐನಿಂದ ಹೊರಕ್ಕೆ. ಸಂಬಳ ಏರಿದ ಸಂಭ್ರಮಕ್ಕೆ ತಂದ ಸ್ವೀಟ್ ಬಾಕ್ಸ್ ಹಿಡಿದು ಅವನು ಖಾಸಗಿ ಪ್ರೀಮಿಯಂ ಎಷ್ಟೆಂದು ವಿಚಾರಿಸಲು ಹೊರಡುತ್ತಾನೆ.

ಸರ್ಕಾರ ಕೈಕಟ್ಟಿ ಕೂತಿದೆಯೇ? ಇಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡ್ ಇದ್ದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇಕಡಾ 30, ಅದೂ 1.5 ಲಕ್ಷ ದಾಟುವಂತಿಲ್ಲ. ಎಪಿಎಲ್ ಮಗುವಿನ ಕಿಡ್ನಿಯಲ್ಲಿ ಶೇಕಡಾ ಮೂವತ್ತು ಭಾಗ ವಾಸಿ ಮಾಡಿ ಕಳಿಸಲು ವೈದ್ಯವಿಜ್ಞಾನ ಇನ್ನೂ ಕಲಿತಿಲ್ಲದಿರುವುದು ಯೋಜನೆಯ ತಪ್ಪಲ್ಲ. 2003ರಲ್ಲಿ ಇದೇ ಕರ್ನಾಟಕದ ಸಹಕಾರ ಸಂಘಗಳ ರೈತರು ತಲೆಗೆ ವರ್ಷಕ್ಕೆ 60 ರೂಪಾಯಿ ಕಟ್ಟಿ ಯಶಸ್ವಿನಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ತಿಂಗಳಿಗೆ ಐದು ರೂಪಾಯಿಯ ಆ ಯೋಜನೆ ನೋಡಲು ಹೊರಗಿನವರೆಲ್ಲ ಬಂದರು. 2018ರಲ್ಲಿ ಅದನ್ನು ನಿಲ್ಲಿಸಿದೆವು, ಕೆಲವು ವರ್ಷ ಬಿಟ್ಟು ಮತ್ತೆ ಶುರು ಮಾಡಿದೆವು. ಆ ನಡುವಿನ ವರ್ಷಗಳಲ್ಲಿ ಹುಟ್ಟಿದ ರೈತರ ಮಕ್ಕಳು ಸ್ವಲ್ಪ ಹೊಂದಿಸಿಕೊಳ್ಳಬೇಕಿತ್ತು.

ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗಾಗಿ ನ್ಯಾಷನಲ್ ಟ್ರಸ್ಟ್ ನಡೆಸುವ ನಿರಾಮಯ ಎಂಬ ವಿಮೆ ಇದೆ. ಹೊರರೋಗಿ ಚಿಕಿತ್ಸೆಗೂ ಥೆರಪಿಗೂ ಹಣ ಕೊಡುತ್ತದೆ. ಮಿತಿ ವರ್ಷಕ್ಕೆ ಒಂದು ಲಕ್ಷ. ಇದರ ಹೆಸರು ಕೇಳಿದವರು ನಿಮ್ಮ ಬೀದಿಯಲ್ಲಿ ಎಷ್ಟು ಜನರಿದ್ದಾರೆ, ವಿಚಾರಿಸಿ ನೋಡಿ. ಎಸ್‌ಎಂಎ ಎಂಬ ಸ್ನಾಯುರೋಗದ ಕೂಸಿಗೆ ಒಂದೇ ಒಂದು ಸಲ ಕೊಡುವ ಝೋಲ್ಜೆನ್ಸ್ಮಾ ಔಷಧಿಗೆ ಸುಮಾರು 16 ಕೋಟಿ ರೂಪಾಯಿ. ಅಪರೂಪದ ಕಾಯಿಲೆಗಳಿಗೆ ಕೇಂದ್ರದ ನೀತಿಯಡಿ ಸಿಗುವುದು ಗರಿಷ್ಠ 50 ಲಕ್ಷ. ಉಳಿದದ್ದಕ್ಕೆ ನಮ್ಮಲ್ಲಿ ಇನ್ನೊಂದು ವಿಮೆ ಚಾಲ್ತಿಯಲ್ಲಿದೆ. ವಾಟ್ಸ್ಯಾಪ್‌ನಲ್ಲಿ ಮಗುವಿನ ಮೂಗಿಗೆ ಟ್ಯೂಬ್ ಹಾಕಿದ ಫೋಟೋ, ಕೆಳಗೆ ಕ್ಯೂಆರ್ ಕೋಡ್. ಪ್ರೀಮಿಯಂ ಇಲ್ಲ, ವೇಟಿಂಗ್ ಪೀರಿಯಡ್ ಇಲ್ಲ. ಮಗು ನೋಡಲು ಮುದ್ದಾಗಿರಬೇಕು, ಕನ್ನಡ ಚಾನೆಲ್ಲಿಗೆ ಆ ದಿನ ಬೇರೆ ಸುದ್ದಿ ಇರಬಾರದು, ಅಷ್ಟೇ ಷರತ್ತು.

ಇಷ್ಟಾದರೂ ನಿರಾಶರಾಗಬೇಡಿ. 2047ರ ಹೊತ್ತಿಗೆ ಎಲ್ಲರಿಗೂ ವಿಮೆ ಎಂಬುದು ಪ್ರಾಧಿಕಾರದ ಘೋಷಣೆ. ಇವತ್ತು ಎನ್‌ಐಸಿಯುನಲ್ಲಿರುವ ಕೂಸು ಅಲ್ಲಿಯವರೆಗೆ ಸ್ವಲ್ಪ ತಡೆದುಕೊಂಡರೆ ಆಯಿತು. ಅಷ್ಟು ಹೊತ್ತಿಗೆ ಅದಕ್ಕೆ ಇಪ್ಪತ್ತು ದಾಟಿ ಮಗುವೇ ಆಗಿರುವುದಿಲ್ಲವಾದ್ದರಿಂದ ಸಮಸ್ಯೆಯೂ ತಾನಾಗಿಯೇ ಬಗೆಹರಿದಿರುತ್ತದೆ.

ಮಕ್ಕಳನ್ನು ಬೈದದ್ದು ಸಾಕು. 2023-24ರಲ್ಲಿ ಆರೋಗ್ಯ ವಿಮಾ ಕಂಪನಿಗಳ ಮುಂದೆ ಬಂದ ಕ್ಲೇಮ್‌ಗಳ ಒಟ್ಟು ಮೊತ್ತ ಸುಮಾರು 1.17 ಲಕ್ಷ ಕೋಟಿ ರೂಪಾಯಿ. ಕೈಗೆ ಬಂದದ್ದು ಅದರಲ್ಲಿ ನೂರಕ್ಕೆ 71ರಷ್ಟು. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ತಮ್ಮ ಜೇಬಿನಿಂದ ನೇರವಾಗಿ ಕೊಡುವ ಪಾಲು 2013-14ರಲ್ಲಿ ಶೇಕಡಾ 64.2 ಇದ್ದದ್ದು 2021-22ರಲ್ಲಿ 39.4ಕ್ಕೆ ಇಳಿದಿದೆ ಎಂದು ಸರ್ಕಾರವೇ ಹೇಳುತ್ತದೆ. ಇಳಿದದ್ದು ಸಂತೋಷ. ಆದರೆ ಮಕ್ಕಳ ಜ್ವರ, ಔಷಧಿ, ಥೆರಪಿಗಳೆಲ್ಲ ಇನ್ನೂ ಆ ಉಳಿದ ಪಾಲಿನಲ್ಲೇ ಕೂತಿವೆ. ಕಾಯಿಲೆ ಚಿಕ್ಕದಾಗಿದ್ದಾಗ ತಾಯಿತಂದೆ ಕೊಡಬೇಕು, ದೊಡ್ಡದಾದರೆ ಕಂಪನಿ ಯೋಚಿಸುತ್ತದೆ ಎನ್ನುವ ಏರ್ಪಾಡು ದೊಡ್ಡವರಿಗೆ ದುಬಾರಿ, ಮಕ್ಕಳಿಗೆ ಅಪಾಯ. ಬೆಳೆಯುವ ಮಗುವಿನಲ್ಲಿ ಕಾಯಿಲೆಯೂ ಬೇಗ ಬೆಳೆಯುತ್ತದೆ.

ಇದೇ ದೇಶದಲ್ಲಿ ಪಾಲಿಸಿ ನಂಬರ್ ಕೇಳದೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆಗಳೂ ನಡೆಯುತ್ತಿವೆ. ಅಂಗನವಾಡಿಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಪುಕ್ಕಟೆ. ಖಾಸಗಿಯಲ್ಲಿ ಸಾವಿರಾರು ರೂಪಾಯಿಯ ನ್ಯುಮೋನಿಯಾ ಲಸಿಕೆಯೂ 2021ರಿಂದ ದೇಶದ ಉದ್ದಗಲಕ್ಕೆ ಅಲ್ಲಿ ಸಿಗುತ್ತಿದೆ. 2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಿಲೆಯ ನವಜಾತ ಶಿಶುವಿಗೆ ಚಿಕಿತ್ಸೆ, ಔಷಧಿ, ಓಡಾಟ ಎಲ್ಲ ಉಚಿತ, 91ನೇ ದಿನದಿಂದಲ್ಲ, ಮೊದಲ ದಿನದಿಂದ. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಶಾಲೆ ಅಂಗನವಾಡಿಗಳಿಗೆ ಹೋಗಿ ಸೀಳುತುಟಿ, ಸೊಟ್ಟಪಾದ, ಹೃದಯದ ತೂತು ಪತ್ತೆಹಚ್ಚಿ ಶಸ್ತ್ರಚಿಕಿತ್ಸೆಗೆ ಕಳಿಸುತ್ತವೆ. ದೋಷ ಒಳಗಿನದೋ ಹೊರಗಿನದೋ ಎಂದು ಅವರು ವಿಚಾರಿಸುವುದಿಲ್ಲ. ಇವುಗಳಲ್ಲಿ ಹುಳುಕಿಲ್ಲವೆಂದಲ್ಲ. ಡಾಕ್ಟರಿಲ್ಲದ ಹುದ್ದೆ, ಕೆಟ್ಟುನಿಂತ ವಾರ್ಮರ್, ಒಂದೇ ಹಾಸಿಗೆಯಲ್ಲಿ ಎರಡು ಮಕ್ಕಳು, ಎಲ್ಲವೂ ಇವೆ. ಆದರೆ ಅವು ದುಡ್ಡು ಹಾಕಿದರೆ ಸರಿಹೋಗುವ ಹುಳುಕುಗಳು.

ಆದ್ದರಿಂದ ಕೇಳಬೇಕಾದ್ದನ್ನು ನೇರವಾಗಿ ಕೇಳೋಣ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿಯೂ ಸಿಗುವ ಮಕ್ಕಳ ವೈದ್ಯರು ಬೇಕು. ಐದು ವರ್ಷದೊಳಗಿನ ಮಕ್ಕಳ ಹೊರರೋಗಿ ಚಿಕಿತ್ಸೆಗೆ ಎಲ್ಲ ಪಾಲಿಸಿಗಳೂ ಹಣ ಕೊಡಬೇಕು, ಹುಟ್ಟಿದ ದಿನದಿಂದಲೇ ಕೊಡಬೇಕು. ಆ 68ರ ಪಟ್ಟಿಯಿಂದ ಕೂಸಿನ ಅನ್ನವನ್ನೂ ನೆಬುಲೈಸರನ್ನೂ ತೆಗೆಯಬೇಕು. ಮತ ಕೇಳಲು ಬಂದವರಿಗೆ ಗ್ಯಾರಂಟಿಗಳ ಜೊತೆಗೆ ಇದನ್ನೂ ನೆನಪಿಸಿ.

ಅಲ್ಲಿಯವರೆಗೆ ಓದುಗರಿಗೆ ಇಷ್ಟು ಕಿವಿಮಾತು. ಮಗುವಿನ ಕ್ಲೇಮ್ ತಳ್ಳಿಹಾಕಿದರೆ ಡೆಸ್ಕಿನ ಮುಂದೆ ಕೂಗಾಡಬೇಡಿ, ಕಾರಣವನ್ನು ಬರವಣಿಗೆಯಲ್ಲಿ ಕೊಡಿ ಎನ್ನಿ. ಕಂಪನಿಗೆ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಬರೆಯಿರಿ. ಕರ್ನಾಟಕದ್ದು ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ವಕೀಲರು ಬೇಡ, ಶುಲ್ಕವಿಲ್ಲ, 50 ಲಕ್ಷದವರೆಗಿನ ತಕರಾರನ್ನು ವಿಚಾರಿಸುತ್ತಾರೆ. ಕಂಪನಿ ಇಲ್ಲವೆಂದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು.